ಹೊಳೆ ಕಡೆಯ ಅರ್ಧ

ಮೂವತ್ತನಾಲ್ಕು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ 'ಅದ್ಭುತ' ಎಂಬ ಪದ ನನ್ನ ಹೆಸರಿನ ಕೆಳಗೆ ಒಮ್ಮೆಯೂ ಅಚ್ಚಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಸುದ್ದಿ ಸಂಪಾದಕರಾಗಿದ್ದ ನಂಜುಂಡಯ್ಯನವರು. 'ಅದ್ಭುತ', 'ಭವ್ಯ', 'ಅಪಾರ', 'ನೂರಾರು' ಎಂಬ ನಾಲ್ಕು ಪದಗಳಲ್ಲಿ ಯಾವುದು ಕಣ್ಣಿಗೆ ಬಿದ್ದರೂ ಅವರ ಕೆಂಪು ಪೆನ್ಸಿಲ್ ಇಳಿಯುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಹೆಬ್ಬಾಳ ಕೆರೆಗೆ ಅಪಾರ ಸಂಖ್ಯೆಯಲ್ಲಿ ಹೆಜ್ಜಾರ್ಲೆಗಳು ಬಂದಿವೆ ಎಂದು ಬರೆದುಕೊಟ್ಟೆ. ಅವರು ಕನ್ನಡಕ ತೆಗೆದರು.

"ಅಪಾರ ಅಂದ್ರೆ ಎಷ್ಟಮ್ಮಾ?"

"ತುಂಬಾ ಇದ್ವು ಸರ್."

"ತುಂಬಾ ಅಂದ್ರೆ?"

ಮರುದಿನ ಬೆಳಿಗ್ಗೆ ಮತ್ತೆ ಬಸ್ಸು ಹತ್ತಿ ಕೆರೆಯ ಏರಿಯ ಮೇಲೆ ನಿಂತು ಎಣಿಸಿದೆ. ಮೊದಲ ಸಲ ನಲವತ್ತೊಂದು, ಎರಡನೇ ಸಲ ನಲವತ್ತಮೂರು. ಎರಡನ್ನೂ ಹೇಳಿದೆ. ಅವರು 'ನಲವತ್ತಕ್ಕೂ ಹೆಚ್ಚು' ಎಂದು ತಿದ್ದಿ ಅಚ್ಚಿಗೆ ಕಳಿಸಿದರು. "ಈಗ ಓದಿದೋರಿಗೆ ಹಕ್ಕಿ ಕಾಣುತ್ತೆ. ಮೊದಲು ನೀನು ಕಾಣ್ತಿದ್ದೆ," ಎಂದರು. ಈ ಕೆಲಸದ ಬಗ್ಗೆ ನನಗೆ ಯಾರಾದರೂ ಪಾಠ ಹೇಳಿದ್ದರೆ ಅದು ಇಷ್ಟೇ. ಹೊಸದಾಗಿ ವರದಿಗಾರಿಕೆಗೆ ಬಂದವರು ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದಾಗ ಮೊದಲು ನೆನಪಾದದ್ದೂ ಈ ಹಕ್ಕಿಗಳೇ. ಆಮೇಲೆ ನೆನಪಾದದ್ದು ಗಿಣಿಗಳು. ಬರೆಯಬೇಕಾದದ್ದು ಅವುಗಳ ಬಗ್ಗೆ.

ಸೇರಿದ ಮೂರನೇ ವರ್ಷ ಭಾನುವಾರದ ಪುರವಣಿಗೆ ಒಂದು ಲೇಖನ ಮಾಡಲು ನನ್ನನ್ನು ಹೊಳೆ ದಂಡೆಯ ಒಂದು ಅರಮನೆಗೆ ಕಳಿಸಿದರು. ಬೆಂಗಳೂರಿನಿಂದ ಬಸ್ಸಿನಲ್ಲಿ ಮೂರೂವರೆ ಗಂಟೆಯ ದಾರಿ. ಊರಿನ ಹೆಸರು ಬರೆಯುವುದಿಲ್ಲ. ಈಗ ಅಲ್ಲಿರುವವರ ತಪ್ಪು ಇದರಲ್ಲಿ ಏನೂ ಇಲ್ಲ. ಅರಮನೆಯನ್ನು ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯ ಮಾಡುತ್ತಿದ್ದರು. ತೆರೆಯಲು ಒಂದು ತಿಂಗಳು ಬಾಕಿ ಇತ್ತು.

ಹೊರಗಿನಿಂದ ನೋಡಿದರೆ ಅದು ಸುಣ್ಣ ಬಳಿದ ಎರಡಂತಸ್ತಿನ ಉದ್ದನೆಯ ಕಟ್ಟಡ, ಅಷ್ಟೆ. ಪಶ್ಚಿಮದ ಗೋಡೆಯ ಬುಡ ಹೊಳೆಯಲ್ಲಿತ್ತು. ಒಳಗೆ ಕಾಲಿಟ್ಟ ಮೇಲೆ ನಾನು ಬಹಳ ಹೊತ್ತು ಏನೂ ಬರೆದುಕೊಳ್ಳಲಿಲ್ಲ. ಬೀಟೆ ಮರದ ಬಾಗಿಲಿನಲ್ಲಿ ದಂತದ ಬಳ್ಳಿ ಕೂರಿಸಿದ್ದರು. ಬಳ್ಳಿಯ ಎಲೆಯೊಂದು ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಆ ಎಲೆಯಲ್ಲಿ ನರಗಳಿದ್ದವು. ಬಿದರಿಯ ಹೂಜಿಯ ಕಪ್ಪಿನ ಮೇಲೆ ಬೆಳ್ಳಿಯ ಮೀನುಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಸುತ್ತು ಹಾಕಿದ್ದವು. ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿ ಸೋತೆ. ಒಬ್ಬ ರಾಣಿಯ ಎಲೆಯಡಿಕೆ ಪೆಟ್ಟಿಗೆಯ ತಳವನ್ನೂ ಕೆತ್ತಿದ್ದರು. ಪೆಟ್ಟಿಗೆ ಇಟ್ಟರೆ ಆ ಕೆತ್ತನೆ ಯಾರಿಗೂ ಕಾಣುವುದಿಲ್ಲ. ಅಲ್ಲಿನ ನೌಕರರೊಬ್ಬರು ಅದನ್ನು ಮಗುಚಿ ತೋರಿಸಿ, "ಮಾಡಿದೋನಿಗೆ ಗೊತ್ತಿದ್ರೆ ಸಾಕು ಅಂತ ಮಾಡಿರ್ಬೇಕು," ಎಂದರು.

ಮಹಡಿಯ ಮೇಲೆ ಹೊಳೆ ಹಜಾರ. ಒಂಬತ್ತು ಕಿಟಕಿ, ಎಲ್ಲವೂ ನೀರಿನ ಕಡೆಗೆ. ತಲೆ ಎತ್ತಿದರೆ ಚಾವಣಿಯ ತುಂಬ ಎಲೆ, ಎಲೆಗಳ ನಡುವೆ ಗಿಣಿ. ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋಗಿ ನಂಜುಂಡಯ್ಯನವರಿಗೆ ಫೋನ್ ಮಾಡಿದೆ.

"ಚಾವಣಿ ತುಂಬ ಗಿಣಿ ಬರೆದಿದ್ದಾರೆ ಸರ್. ನೂರಾರು."

"ನಿನ್ನ ಬಸ್ಸು ಎಷ್ಟೊತ್ತಿಗೆ?" ಎಂದರು.

"ಐದೂವರೆಗೆ."

"ಹಾಗಾದ್ರೆ ಟೈಮಿದೆ," ಎಂದು ಫೋನ್ ಇಟ್ಟರು.

ಮತ್ತೆ ಮಹಡಿ ಹತ್ತಿದಾಗ ಮೂರು ಗಂಟೆಯಾಗಿತ್ತು. ಕತ್ತು ಎತ್ತಿ ಎಣಿಸತೊಡಗಿದೆ. ಮೂವತ್ತಕ್ಕೆ ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಿದೆ, ಐವತ್ತಕ್ಕೆ ತಪ್ಪಿತು. ಮೂಲೆಯ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿದ್ದ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಕುಂಚ, ಎದೆಯ ಮೇಲೆ ಬಣ್ಣದ ಬಟ್ಟಲು.

"ನಿಂತು ಎಣಿಸಿದ್ರೆ ಹಂಗೇ ಆಗೋದು ಅಮ್ಮಾ. ಮಲಗಿ ಎಣಿಸಿ," ಎಂದರು. "ಆ ಕಡೆ ಅರ್ಧ ನೀವು ನೋಡಿ. ಈ ಕಡೆದು ಎಣಿಸೋದು ಬೇಡ, ನೂರೈವತ್ತೇಳು."

"ನಿಮಗೆ ಹೇಗೆ ಗೊತ್ತು?"

"ನಾನೇ ಬರೆದಿದ್ದಲ್ವಾ."

ಹೆಸರು ಗೌಸ್ ಪೀರ್. ಮನೆ ಬ್ಯಾಟರಾಯನಪುರ. ಕೆಲಸ ಯಶವಂತಪುರದಲ್ಲಿ ಲಾರಿಗಳಿಗೆ ಬಣ್ಣ ಬರೆಯುವುದು: ಹಿಂಬದಿಯ ಹಲಗೆಯ ಮೇಲೆ ಗಿಣಿ, ಕಮಲ, ಮಾಲೀಕರ ಮಕ್ಕಳ ಹೆಸರು. ನೆರೆ ಬಂದ ವರ್ಷ ಅರಮನೆಯ ಮಾಡು ಸೋರಿ ಹೊಳೆ ಕಡೆಯ ಅರ್ಧ ಚಾವಣಿ ಗಾರೆ ಸಮೇತ ಕುಸಿದಿತ್ತು. ಕಾಮಗಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರು ಒಂದು ದಿನ ತುಮಕೂರು ರಸ್ತೆಯಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಹಾಕಿಕೊಂಡು, ಅದರ ಹಲಗೆಯ ಮೇಲಿನ ಗಿಣಿಯನ್ನು ಅರ್ಧ ಗಂಟೆ ನೋಡಿ, ಅದನ್ನು ಬರೆದವರನ್ನು ಹುಡುಕಿಕೊಂಡು ಹೋದರಂತೆ. ಅಲ್ಲಿಂದ ಹನ್ನೊಂದು ತಿಂಗಳು ಗೌಸ್ ಪೀರ್ ಈ ಅಟ್ಟಣಿಗೆಯ ಮೇಲೆ ಮಲಗಿದ್ದರು.

"ಉಳಿದ ಅರ್ಧ ನೋಡ್ಕೊಂಡು ಹಾಗೇ ನಕಲು ಮಾಡಿದ್ರಾ?" ಎಂದು ಕೇಳಿದೆ.

"ನಕಲು ಮಾಡಕ್ಕಾಗಲ್ಲ. ಹಳೇ ಮೇಸ್ತ್ರಿ ಒಂದು ಗಿಣಿ ಇದ್ದಂಗೆ ಇನ್ನೊಂದು ಬರೆದಿಲ್ಲ. ನಾನು ಅವನದೇ ಗಿಣಿ ಎತ್ತಿ ಇಲ್ಲಿಟ್ರೆ ಮೋಸ ಆಗುತ್ತೆ. ಅವನ ಕೈ ಹೆಂಗೆ ತಿರುಗ್ತಿತ್ತು ಅಂತ ಕಲಿಯಕ್ಕೇ ಎರಡು ತಿಂಗಳು ಹಿಡೀತು. ಆಮೇಲೆ ಅವನಾಗಿದ್ರೆ ಏನು ಬರೀತಿದ್ದ ಅಂತ ಯೋಚನೆ ಮಾಡಿ ಬರೆದೆ."

ಅಷ್ಟರಲ್ಲಿ ಅವರು ಕುಂಚ ಎತ್ತಿ ಕಿಟಕಿಯ ಕಡೆ ತೋರಿಸಿದರು. "ಬಂತು ನೋಡಿ."

ಇಳಿಬಿಸಿಲು ಹೊಳೆಯ ಮೇಲೆ ಬಿದ್ದು, ನೀರಿನಿಂದ ಪುಟಿದು, ಒಂಬತ್ತು ಕಿಟಕಿಗಳಿಂದಲೂ ಚಾವಣಿಗೆ ಏರಿತು. ನೀರು ಅಲುಗಿದ ಹಾಗೆ ಬೆಳಕೂ ಅಲುಗುತ್ತಿತ್ತು. ಅದರಡಿ ಎಲೆಗಳು ಅಲುಗಿದವು, ಗಿಣಿಗಳು ರೆಕ್ಕೆ ಸರಿಪಡಿಸಿಕೊಂಡವು. ಹಾಗೆ ಕಾಣುವಂತೆಯೇ ಅದನ್ನು ಬರೆದಿದ್ದರು. ದಿನದ ಉಳಿದ ಹೊತ್ತೆಲ್ಲ ಅದು ಚಿತ್ರ. ಆ ಒಂದೂವರೆ ಗಂಟೆ ಮಾತ್ರ ತೋಪು. ಗೌಸ್ ಪೀರ್ ಬಣ್ಣ ಕಲಸುತ್ತಿದ್ದದ್ದು ಆ ಹೊತ್ತಿನಲ್ಲೇ. "ಬೇರೆ ಬೆಳಕಲ್ಲಿ ಕಲಸಿದ ಹಸಿರು ಹೊಳೆ ಬೆಳಕಲ್ಲಿ ಸತ್ತೋಗುತ್ತೆ," ಎಂದರು. ನಾನು ನೆಲದ ಮೇಲೆ ಮಲಗಿ, ಅವರು ಕುಂಚದಿಂದ ತೋರಿಸಿದ ಎಲ್ಲೆಯಿಂದಾಚೆಯ ಅರ್ಧ ಎಣಿಸಿದೆ. ನೂರ ಅರವತ್ತೊಂದು. ಆ ಎಲ್ಲೆಯಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವೆ ಸಂದು ಕಾಣುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

ಬಸ್ಸಿನಲ್ಲಿ ಕೂತು ಲೇಖನದ ಕೊನೆಯ ಪ್ಯಾರಾ ಮೊದಲು ಬರೆದೆ. ತಪ್ಪಾದದ್ದು ಅಲ್ಲೇ. ಮುಖ್ಯ ಸಂಗತಿ ಮೊದಲ ಸಾಲಿನಲ್ಲಿ ಬರಬೇಕು ಎನ್ನುವುದು ನಮ್ಮಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಗೊತ್ತಿದ್ದೂ ನಾನು ಗೌಸ್ ಪೀರ್ ಅವರನ್ನು ಕೊನೆಗೆ ಎತ್ತಿಟ್ಟೆ. ಓದುಗ ಚಾವಣಿಯನ್ನೆಲ್ಲ ನೋಡಿ ಬೆರಗಾದ ಮೇಲೆ, 'ಇದರಲ್ಲಿ ಅರ್ಧ ಮೊನ್ನೆ ಬರೆದದ್ದು, ಬರೆದವರು ಲಾರಿಗೆ ಬಣ್ಣ ಹಚ್ಚುವವರು' ಎಂದು ಹೇಳಿ ಮುಗಿಸಬೇಕು ಎಂಬ ಆಸೆ. ಅದಕ್ಕೆ ಮುಂಚಿನ ಪ್ಯಾರಾ ಹೀಗೆ ಮುಗಿಯುತ್ತಿತ್ತು: 'ಇಷ್ಟು ಕಾಲದ ಮೇಲೂ ಚಾವಣಿಯ ಮುನ್ನೂರ ಹದಿನೆಂಟು ಗಿಣಿಗಳು ಬರೆದ ದಿನದಂತೆಯೇ ಇವೆ.'

ಆಗ ಪುಟ ಕಟ್ಟುವ ಕೆಲಸ ಹೇಗಿತ್ತು ಎಂದು ಈಗಿನವರಿಗೆ ಹೇಳಬೇಕು. ಅಕ್ಷರ ಜೋಡಿಸಿದ ಸುದ್ದಿ ಬ್ರೋಮೈಡ್ ಕಾಗದದ ಮೇಲೆ ಅಂಕಣದ ಅಗಲದ ಪಟ್ಟಿಯಾಗಿ ಬರುತ್ತಿತ್ತು. ಅದನ್ನು ಪುಟದ ಹಾಳೆಯ ಮೇಲೆ ಅಂಟಿಸುತ್ತಿದ್ದರು. ಜಾಗ ಸಾಲದಿದ್ದರೆ ಬ್ಲೇಡಿನಿಂದ ಕೆಳಗಿನಿಂದ ಕತ್ತರಿಸುತ್ತಿದ್ದರು. ಯಾರನ್ನೂ ಕೇಳುವ ಪದ್ಧತಿಯಿರಲಿಲ್ಲ, ಕೇಳಲು ಸಮಯವೂ ಇರಲಿಲ್ಲ. ಆ ಶನಿವಾರ ಪುರವಣಿಗೆ ಕೊನೆ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು. ಭಾನುವಾರ ಬೆಳಿಗ್ಗೆ ಪತ್ರಿಕೆ ತೆಗೆದು ನೋಡಿದರೆ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ಲೇಖನ 'ಬರೆದ ದಿನದಂತೆಯೇ ಇವೆ' ಎಂಬಲ್ಲಿಗೆ ಮುಗಿದಿತ್ತು.

ಸೋಮವಾರ ಪುಟ ಕಟ್ಟುವ ಶಿವಣ್ಣನ ಬಳಿ ಹೋದೆ.

"ಒಂದೂಕಾಲು ಇಂಚು ಜಾಸ್ತಿ ಇತ್ತು ಮೇಡಂ. ಏನಾದ್ರೂ ಮುಖ್ಯವಾದ್ದು ಇತ್ತಾ?"

"ಇತ್ತು."

"ಮುಖ್ಯವಾದ್ದನ್ನ ಕೆಳಗೆ ಯಾರಾದ್ರೂ ಇಡ್ತಾರಾ?" ಎಂದ. ಬೈಗುಳವಲ್ಲ, ನಿಜಕ್ಕೂ ಆಶ್ಚರ್ಯಪಟ್ಟು ಕೇಳಿದ.

ಅವನ ಕಸದ ಬುಟ್ಟಿಯಿಂದ ಕತ್ತರಿಸಿದ ಪಟ್ಟಿ ಹುಡುಕಿ ತೆಗೆದುಕೊಂಡೆ. ತಿದ್ದುಪಡಿ ಹಾಕಿಸಬೇಕೆಂದು ನಂಜುಂಡಯ್ಯನವರ ಕೋಣೆಯ ಮುಂದೆ ಹೋಗಿ ನಿಂತೆ. ಒಳಗೆ ಯಾರೋ ಇದ್ದರು. ಯಾರ ತಪ್ಪಿಗೆ ತಿದ್ದುಪಡಿ ಹಾಕಬೇಕಾಯಿತು ಎಂದು ಅವರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಅದು ನೆನಪಾಯಿತು. ಹತ್ತು ನಿಮಿಷ ನಿಂತು ವಾಪಸು ಬಂದೆ. ಪಟ್ಟಿಯನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂಟಿಸಿದೆ. ಗೌಸ್ ಪೀರ್ ಅವರಿಂದ ದೂರು ಬರಲಿಲ್ಲ.

ಆಮೇಲೆ ಬ್ಲೇಡ್ ಹೋಯಿತು, ಪುಟಗಳು ಪರದೆಯ ಮೇಲೆ ಬಂದವು. ಈಗ ನೀವು ಫೋನಿಗಾಗಿ ಬರೆಯುತ್ತೀರಿ, ಅಲ್ಲಿ ಜಾಗಕ್ಕೆ ಕೊನೆಯೇ ಇಲ್ಲ. ಆದರೆ ಓದುವವರು ಮೂರನೇ ಪ್ಯಾರಾಕ್ಕೆ ಬೆರಳು ಜಾರಿಸಿ ಮುಂದೆ ಹೋಗುತ್ತಾರೆ. ಬ್ಲೇಡ್ ಶಿವಣ್ಣನ ಕೈಯಿಂದ ಅವರ ಕೈಗೆ ಹೋಗಿದೆ, ಅಷ್ಟೆ.

ನಿವೃತ್ತಿಯಾಗಿ ನಾಲ್ಕನೇ ವರ್ಷ. ಒಂದು ಭಾನುವಾರ ವಿದ್ಯಾರಣ್ಯಪುರದ ನನ್ನ ಮನೆಗೆ ಒಬ್ಬ ಹೆಂಗಸು ಬಂದರು. ಹೆಸರು ನಸೀಮಾ, ಆರ್.ಟಿ. ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ. ಪತ್ರಿಕಾ ಕಚೇರಿಯಲ್ಲಿ ನನ್ನ ವಿಳಾಸ ಕೇಳಿಕೊಂಡು ಬಂದಿದ್ದರು. ಫೋನಿನಲ್ಲಿ ಎರಡು ಫೋಟೊ ತೋರಿಸಿದರು. ಒಂದು, ಹೊಳೆ ಹಜಾರದ ಗೋಡೆಯ ಮೇಲಿನ ಫಲಕ: 'ಚಾವಣಿ ಚಿತ್ರ. ಮೂಲ ಸ್ಥಿತಿಯಲ್ಲೇ ಉಳಿದಿದೆ.' ಇನ್ನೊಂದು, ಫಲಕದ ಪಕ್ಕದಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿದ ನನ್ನ ಲೇಖನ.

"ನಾನು ಗೌಸ್ ಪೀರ್ ಅವರ ಮಗಳು ಮೇಡಂ."

ಕುರ್ಚಿ ಎಳೆದು ಅವರನ್ನು ಕೂರಿಸಿದೆ.

ಹೋದ ಬೇಸಿಗೆಯಲ್ಲಿ ಮನೆಯವರೆಲ್ಲ ಅರಮನೆ ನೋಡಲು ಹೋಗಿದ್ದರಂತೆ. ಅಪ್ಪ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದ ಚಾವಣಿ. ನಸೀಮಾ ಅವರ ಗಂಡ ಇಮ್ತಿಯಾಜ್ ಫಲಕವನ್ನು ಎಲ್ಲರಿಗೂ ಕೇಳುವಂತೆ ಓದಿ, "ಮಾಮು, ನೀವು ಬರೆದಿದ್ದು ಯಾವ ಅರಮನೆ? ಇದಲ್ಲ ಬಿಡಿ," ಎಂದರಂತೆ. ಎಲ್ಲರೂ ನಕ್ಕರು. ಗೌಸ್ ಪೀರ್ ಅವರೂ ನಕ್ಕರು. ಅಂದಿನಿಂದ ಮನೆಯಲ್ಲಿ ಯಾರಾದರೂ ಸ್ವಲ್ಪ ದೊಡ್ಡ ಮಾತಾಡಿದರೆ ಅದಕ್ಕೆ 'ಅರಮನೆ ಕಥೆ' ಎಂಬ ಹೆಸರು ಬಿತ್ತು.

"ಇವರು ಕೆಟ್ಟವರಲ್ಲ ಮೇಡಂ, ತಮಾಷೆ ಮಾಡ್ತಾರೆ. ಆದ್ರೆ ನಮ್ಮ ಅಬ್ಬಾ ಆಮೇಲೆ ಚಾವಣಿ ಮಾತೇ ಎತ್ತಿಲ್ಲ. ಕಣ್ಣು ಬೇರೆ ಹೋಗ್ತಾ ಇದೆ. ಪೂರ್ತಿ ಹೋಗೋ ಮುಂಚೆ ಅವರು ಸುಳ್ಳು ಹೇಳಿಲ್ಲ ಅಂತ ಒಂದು ಕಡೆ ಬರೆದಿರ್ಬೇಕು. ಇಷ್ಟೇ."

ಒಳಗೆ ಹೋಗಿ ಹಳೆಯ ಟಿಪ್ಪಣಿ ಪುಸ್ತಕ ತಂದು ಪಟ್ಟಿ ತೋರಿಸಿದೆ. ಹಳದಿಯಾಗಿತ್ತು, ಅಕ್ಷರ ಸ್ಪಷ್ಟವಾಗಿತ್ತು. ಅವರು ಎರಡು ಸಲ ಓದಿದರು. "ಇದು ಇಷ್ಟು ದಿನ ನಿಮ್ಮ ಹತ್ರ ಇತ್ತಾ?" ಎಂದರು. ಹೌದು ಎಂದೆ.

ಮುಂದಿನ ವಾರ ನಾಲ್ವರೂ ಹೊರಟೆವು. ಕಾರು ಇಮ್ತಿಯಾಜ್ ಅವರದು. ಬ್ಯಾಟರಾಯನಪುರದ ಮನೆಯ ಬಾಗಿಲಲ್ಲಿ ಗೌಸ್ ಪೀರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ನನ್ನ ಮುಖದ ಹತ್ತಿರ ಬಂದು ನೋಡಿದರು.

"ಎಣಿಸಿದ ಹುಡುಗಿ," ಎಂದರು.

"ನಿಮ್ಮ ಹೆಸರು ಪತ್ರಿಕೇಲಿ ಬರಲಿಲ್ಲ ಸಾಬ್ರೇ. ತಪ್ಪು ನನ್ನದು."

"ಆ ಭಾನುವಾರ ಪೇಪರ್ ತಂದು ಓದಿಸಿದ್ದೆ. ಇರ್ಲಿ ಅಂದ್ಕೊಂಡೆ. ಹೊಸದು ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ತಾನೇ ಎಂಜಿನಿಯರ್ ಹೇಳಿದ್ದು. ನಾನು ಹೇಳಿದ ಮೇಲೂ ನಿಮ್ಮ ಕಣ್ಣಿಗೆ ಸಂದು ಸಿಕ್ಕಿಲ್ಲ ಅಂದ್ರೆ ಕೆಲಸ ಚೆನ್ನಾಗಿದೆ ಅಂತಾಯ್ತು."

ಅರಮನೆಯ ಸಂಗ್ರಹಾಲಯ ನೋಡಿಕೊಳ್ಳುವ ಕ್ಯುರೇಟರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನಾವು ಹೇಳಿದ್ದನ್ನೆಲ್ಲ ಕೇಳಿದರು. ಕಾಮಗಾರಿಯ ಕಡತ ಇನ್ನೊಂದು ನೆರೆಯಲ್ಲಿ ಕೊಚ್ಚಿಹೋಗಿತ್ತು. ಎಂಜಿನಿಯರು ತೀರಿಕೊಂಡಿದ್ದರು.

"ಹೊಸದಕ್ಕೂ ಹಳೇದಕ್ಕೂ ವ್ಯತ್ಯಾಸ ಎಲ್ಲಿದೆ ಅಂತ ತೋರಿಸ್ತೀರಾ?" ಎಂದು ಗೌಸ್ ಪೀರ್ ಅವರನ್ನು ಕೇಳಿದರು.

"ವ್ಯತ್ಯಾಸ ಇದ್ರೆ ನಾನು ಕೆಲಸ ಕೆಡಿಸಿದ ಹಂಗೆ ಅಲ್ವಾ ತಾಯಿ," ಎಂದರು ಅವರು.

ಕ್ಯುರೇಟರ್ ನನ್ನ ಕಡೆ ತಿರುಗಿದರು. "ಹಾಗಾದ್ರೆ ನನ್ನ ಹತ್ರ ಇರೋ ದಾಖಲೆ ನೀವು ಬರೆದ ಲೇಖನ ಒಂದೇ. ಅದು ತಪ್ಪು ಅಂತ ನೀವೇ ಹೇಳ್ತಿದ್ದೀರಿ. ಆಗಿನ ನಿಮ್ಮನ್ನ ನಂಬಲಾ, ಈಗಿನ ನಿಮ್ಮನ್ನ ನಂಬಲಾ?"

ಒಬ್ಬ ವರದಿಗಾರ್ತಿಯನ್ನು ಕೇಳಬಹುದಾದ ಸರಿಯಾದ ಪ್ರಶ್ನೆ ಅದು. ನಾನು ಬ್ರೋಮೈಡ್ ಪಟ್ಟಿ ತೆಗೆದು ಗೋಡೆಯ ಚೌಕಟ್ಟಿನ ಗಾಜಿನ ಮೇಲೆ, ಲೇಖನ ಮುಗಿಯುವ ಸಾಲಿನ ಕೆಳಗೆ ಹಿಡಿದೆ. ಅದೇ ಅಗಲ, ಅದೇ ಅಕ್ಷರ, ಸಾಲುಗಳ ನಡುವೆ ಅದೇ ಅಂತರ. 'ಬರೆದ ದಿನದಂತೆಯೇ ಇವೆ' ಎಂಬುದರ ಕೆಳಗೆ 'ಆದರೆ ಹೊಳೆ ಕಡೆಯ ಅರ್ಧ ಹೊಸದು' ಎಂಬ ಸಾಲು ಬಂದು ಕೂತಿತು. ಕ್ಯುರೇಟರ್ ಬಗ್ಗಿ, ಬೆರಳಿಟ್ಟು ಓದಿದರು. ಬ್ಯಾಟರಾಯನಪುರದ ಗೌಸ್ ಪೀರ್. ಹನ್ನೊಂದು ತಿಂಗಳು. ನೂರೈವತ್ತೇಳು ಗಿಣಿ.

ನಸೀಮಾ ಅದನ್ನು ಅಪ್ಪನ ಕಿವಿಯ ಹತ್ತಿರ ಹೇಳಿದರು. ಅವರು ತಲೆಯಾಡಿಸಿ, "ಗಂಟೆ ಎಷ್ಟು?" ಎಂದರು.

ಮೂರು ದಾಟಿತ್ತು.

"ಹಂಗಾದ್ರೆ ಬರುತ್ತೆ," ಎಂದು ನಿಧಾನವಾಗಿ ಹಜಾರದ ನಡುವೆ ಕೂತು, ಹಾಗೇ ಅಂಗಾತ ಮಲಗಿದರು. ಕಾವಲಿನವರು ಓಡಿ ಬಂದರು. ಕ್ಯುರೇಟರ್ ಕೈ ತೋರಿಸಿ ತಡೆದರು. ನಾನೂ ಒಂದು ಬದಿಯಲ್ಲಿ ಮಲಗಿದೆ. ಅರವತ್ತೆರಡು ವರ್ಷದ ಮೊಣಕಾಲು ಸುಮ್ಮನೆ ಒಪ್ಪಲಿಲ್ಲ.

"ಬಂತಾ?" ಎಂದು ಗೌಸ್ ಪೀರ್ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಬಂತು."

ಮೊದಲ ಕಿಟಕಿಯಿಂದ ಏರಿತು, ಆಮೇಲೆ ಎರಡನೆಯದರಿಂದ. ನೀರಿನ ಬೆಳಕು ಎಲೆಯಿಂದ ಎಲೆಗೆ ಹರಿದು ಒಂದೊಂದೇ ಗಿಣಿಯನ್ನು ಎಬ್ಬಿಸುತ್ತಾ ಹೋಯಿತು. ನನ್ನ ವಯಸ್ಸಿನಲ್ಲಿ ಅದು ಕಡಿಮೆ ಕಾಣಬಹುದೆಂದುಕೊಂಡಿದ್ದೆ. ಹೆಚ್ಚು ಕಂಡಿತು. ಈ ಸಲ ನನಗೆ ಗೊತ್ತಿತ್ತು: ಒಂದು ಅರ್ಧ ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ, ಇನ್ನೊಂದು ಅರ್ಧ ಬರೆದವರು ನನ್ನ ಪಕ್ಕದಲ್ಲಿ ಉಸಿರಾಡುತ್ತಿದ್ದಾರೆ, ಬೆಳಕಿಗೆ ಇಬ್ಬರಲ್ಲಿ ಭೇದವಿಲ್ಲ.

ಇನ್ನೊಂದು ಬದಿಯಲ್ಲಿ ಯಾರೋ ಮಲಗಿದ ಸದ್ದಾಯಿತು. ಇಮ್ತಿಯಾಜ್. ಬೆರಳೆತ್ತಿ ಹೊಳೆ ಕಡೆಯ ಅರ್ಧದ ಗಿಣಿಗಳನ್ನು ತುಟಿಯಲ್ಲೇ ಎಣಿಸುತ್ತಿದ್ದರು. ತುಂಬಾ ಹೊತ್ತು ಹಿಡಿಯಿತು.

"ನೂರೈವತ್ತಾರು, ಮಾಮು."

"ಮೂಲೆ ಕಂಬದ ತಲೆ ಅಡ್ಡ ಬರುತ್ತೆ. ಬಲಕ್ಕೆ ಸರಿದು ನೋಡು."

ಇಮ್ತಿಯಾಜ್ ನೆಲದ ಮೇಲೇ ಬಲಕ್ಕೆ ಸರಿದರು. "ಇದೆ," ಎಂದರು. ಆಮೇಲೆ, "ನಾನು ಆವತ್ತು ಹಂಗೆ ಅನ್ನಬಾರದಿತ್ತು ಮಾಮು," ಎಂದರು.

"ಎದ್ದೇಳು. ಅಂಗಿ ಕೊಳೆಯಾಗುತ್ತೆ," ಎಂದರು ಗೌಸ್ ಪೀರ್.

ಹೊರಡುವಾಗ ಕ್ಯುರೇಟರ್ ಹೇಳಿದರು: "ನನಗೆ ನಂಬಿಕೆ ಬಂತು. ಆದ್ರೆ ನಮ್ಮ ಫಲಕಕ್ಕೆ ಆಧಾರ ಪತ್ರಿಕೇಲಿ ಅಚ್ಚಾದದ್ದು. ಅದೇ ಪತ್ರಿಕೆ ತಿದ್ದಿದ್ರೆ ಆ ದಿನಾನೇ ಫಲಕ ಬದಲಾಯಿಸ್ತೀನಿ."

ನಂಜುಂಡಯ್ಯನವರು ಈಗಿಲ್ಲ. ಅವರ ಕುರ್ಚಿಯಲ್ಲಿರುವ ಹುಡುಗನಿಗೆ ನಾನೇ ಮೊದಲ ವರ್ಷ ಕೆಲಸ ಹೇಳಿಕೊಟ್ಟಿದ್ದೆ. "ಮೇಡಂ, ತಿದ್ದುಪಡಿ ಹಾಕೋದು ನಿನ್ನೆ ಮೊನ್ನೆ ತಪ್ಪಿಗೆ. ಇಷ್ಟು ಹಳೇದಕ್ಕೆ ಯಾರಾದ್ರೂ ಹಾಕ್ತಾರಾ?" ಎಂದು ನಕ್ಕ. ಪಟ್ಟಿಯನ್ನು ಅವನ ಮೇಜಿನ ಮೇಲಿಟ್ಟೆ. ಓದಿ ನಗು ನಿಲ್ಲಿಸಿದ. "ನೀವೇ ಬರೆದುಕೊಡಿ," ಎಂದ.

ಮೂರು ವಾಕ್ಯ ಬರೆದೆ. ಮೊದಲ ವಾಕ್ಯದ ಮೊದಲ ಪದವೇ ಹೆಸರು. ಎರಡನೆಯದರಲ್ಲಿ ನಮ್ಮ ಪತ್ರಿಕೆ ಏನು ತಪ್ಪು ಹೇಳಿತ್ತು ಎಂಬುದು. ಸಂಜೆ ಅವನಿಂದ ಫೋನ್ ಬಂತು.

"ಮೇಡಂ, ಎಂಟು ಸಾಲು ಅಂದ್ಕೊಂಡಿದ್ದೆ, ಜಾಹೀರಾತು ಬಂದು ಐದಕ್ಕೆ ಇಳೀತು. ಒಂದು ವಾಕ್ಯ ತೆಗೀಬೇಕು. ಎಲ್ಲಿ ತೆಗೀಲಿ?"

"ಕೆಳಗಿಂದ," ಎಂದೆ.

ಮರುದಿನ ಬೆಳಿಗ್ಗೆ ಬ್ಯಾಟರಾಯನಪುರಕ್ಕೆ ಹೋದೆ. ಇಮ್ತಿಯಾಜ್ ಆಗಲೇ ಪತ್ರಿಕೆ ಹಿಡಿದು ನಿಂತಿದ್ದರು. 'ಗೌಸ್ ಪೀರ್, ಬ್ಯಾಟರಾಯನಪುರ' ಎಂದು ಶುರುವಾಗುವ ತಿದ್ದುಪಡಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಹೋದ ಬೇಸಿಗೆ ಫಲಕ ಓದಿದ್ದೂ ಇದೇ ದನಿಯಲ್ಲಂತೆ. ಆಮೇಲೆ ನಸೀಮಾ ಹೇಳಿದರು.

"ಎಷ್ಟು ಸಾಲು ಬಂದಿದೆ?" ಎಂದು ಗೌಸ್ ಪೀರ್ ನನ್ನನ್ನು ಕೇಳಿದರು.

"ಐದು."

"ನೀವು ಎಣಿಸಿದ್ರಾ?"

"ಎಣಿಸಿದೆ."

"ಹಂಗಾದ್ರೆ ಸರಿ," ಎಂದರು.

ಜಾಗ ಸಾಲದೆ ಬಿಟ್ಟುಹೋದ ಮೂರನೇ ವಾಕ್ಯ ಹೀಗಿತ್ತು: 'ಮುಖ್ಯ ಸಂಗತಿಯನ್ನು ಕೊನೆಯಲ್ಲಿಟ್ಟು ಬರೆದದ್ದೂ, ತಪ್ಪು ತಿಳಿದ ಮರುದಿನ ತಿದ್ದುಪಡಿ ಹಾಕಿಸದೆ ಬಾಗಿಲಿನಿಂದ ಹಿಂತಿರುಗಿದ್ದೂ ಈ ವರದಿಗಾರ್ತಿ.'

ಅದೂ ಎಲ್ಲಾದರೂ ಅಚ್ಚಾಗಬೇಕು ಎಂದು ಇದನ್ನು ಬರೆದುಕೊಟ್ಟಿದ್ದೇನೆ.